ಗೋಡೆ ಕಾರಿದ ಉಪ್ಪು

ಕಳೆದ ವಾರ ಹೈದರಾಬಾದಿನ ಮಣಿಕೊಂಡದ ನಮ್ಮ ನೆಲಮಹಡಿಯ ಫ್ಲ್ಯಾಟಿನಲ್ಲಿ ಚಪ್ಪಲಿ ಸ್ಟ್ಯಾಂಡು ಸರಿಸಿದರೆ, ಹಿಂದಿನ ಗೋಡೆ ಬಿಳಿ ಗಡ್ಡ ಬಿಟ್ಟುಕೊಂಡು ನಿಂತಿತ್ತು. ಬೆರಳಿಗೆ ಹತ್ತಿಯಷ್ಟು ಮೆದು, ನಾಲಿಗೆಗೆ ಕಹಿ ಬೆರೆತ ಉಪ್ಪು. ಹೌದು, ನೆಕ್ಕಿ ನೋಡಿದೆ. ಐವತ್ತರ ಹತ್ತಿರದ ಮನುಷ್ಯ ಗೋಡೆ ನೆಕ್ಕುವುದನ್ನು ಕಂಡು, ಬಣ್ಣ ಬಳಿಯಲು ಬಂದವನು ಎರಡು ಹೆಜ್ಜೆ ಹಿಂದೆ ಸರಿದ. ಟೈಲ್ಸ್ ಹಾಕಿ ಮುಚ್ಚಿಬಿಡೋಣ ಸಾರ್ ಎಂದು ಹಿಂದಿಯಲ್ಲಿ, ರೋಗಿಗೆ ಹೇಳುವ ದನಿಯಲ್ಲಿ ಹೇಳಿದ. ಒಂದು ಕಾಲದಲ್ಲಿ ನಾನು ಇಂಥದೇ ಗೋಡೆಯನ್ನು ಹುಡುಕಿಕೊಂಡು ಹೋಗಿ ಬಾಡಿಗೆಗೆ ಹಿಡಿದವನೆಂದು ಪಾಪ ಅವನಿಗೇನು ಗೊತ್ತು.

ಅದು ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ. ಬಸ್ಸಿನಲ್ಲಿ ಪಕ್ಕದವನು ಹೆಸರು ಕೇಳುವ ಮೊದಲೇ "ಜಾವಾನಾ, ಮೇನ್‌ಫ್ರೇಮಾ?" ಎಂದು ಕೇಳುತ್ತಿದ್ದ. "ಗೋಡೆ" ಎಂದರೆ ಅವನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಸುಳ್ಳಲ್ಲ ಮಾರಾಯರೇ, ನನ್ನ ಕೆಲಸವೇ ಗೋಡೆ. ರಾಯಚೂರಿನಿಂದ ಗಣಿತದ ಪದವಿ ಹಿಡಿದುಕೊಂಡು ಬಂದ ನನ್ನನ್ನು ಒಂದು ಗಾಜಿನ ಕಟ್ಟಡದ ಕಂಪನಿ ಆರು ತಿಂಗಳ ಪರೀಕ್ಷೆಯ ಮೇಲೆ ಇಟ್ಟುಕೊಂಡಿತ್ತು. ಹಳೆಯ ಕಲ್ಲು ಕಟ್ಟಡಗಳನ್ನು ಕಾಪಾಡುವ ಯಾವುದೋ ದೂರದೇಶದ ಮಂದಿಗೆ, ಗೋಡೆಯ ಮೇಲೆ ಎಷ್ಟು ದಿನಕ್ಕೆ ಎಷ್ಟು ಉಪ್ಪು ಮೂಡುತ್ತದೆಂದು ಮುಂಚಿತವಾಗಿ ಹೇಳುವ ಲೆಕ್ಕ ಬೇಕಿತ್ತು. ಕಂಪ್ಯೂಟರಿನ ಲೆಕ್ಕ ಒಂದು ನಿಜವಾದ ಗೋಡೆಗೆ ತಾಳೆಯಾದರೆ ನೌಕರಿ ಕಾಯಂ. ಆಗದಿದ್ದರೆ ರಾಯಚೂರಿನ ಬಸ್ಸು.

ವಿಷಯ ಕೇಳಲು ಭಾರ, ತಿಳಿಯಲು ಹಗುರ. ಇಟ್ಟಿಗೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅವು ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ನೀರಿನ ಜೊತೆ ಕರಗಿದ ಉಪ್ಪೂ ಬರುತ್ತದೆ. ಗೋಡೆಯ ಮುಖಕ್ಕೆ ಬಂದು ನೀರು ಆರಿ ಹೋಗುತ್ತದೆ, ಹೋಗಲಾರದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಇಷ್ಟನ್ನೇ ನಾನು ಹನ್ನೊಂದು ಸಮೀಕರಣಗಳಲ್ಲಿ ಬರೆದು, ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಇನ್ನು ಬೇಕಾದದ್ದು ಒಂದು ಗೋಡೆ.

ಕೂಕಟ್‌ಪಲ್ಲಿಯಲ್ಲಿ ಎಂಟು ಮನೆ ನೋಡಿದೆ. ಎಲ್ಲವೂ ದರಿದ್ರ ಚೊಕ್ಕಟ! ಒಂಬತ್ತನೆಯದು ಯಾದಗಿರಿ ಕಡೆಯ ಶಾಂತಾಬಾಯಿ ಕಾಕು ಅವರ ಮನೆಯ ಹಿಂದಿನ ಕೋಣೆ. ಕಾಕು ಕೋಣೆ ತೋರಿಸುವಾಗ ಒಂದು ಗೋಡೆಗೆ ಬೆನ್ನು ಹಚ್ಚಿ, ಸೆರಗನ್ನು ಅಗಲಕ್ಕೆ ಹರಡಿಕೊಂಡು ನಿಂತವರು ಅಲ್ಲಾಡಲೇ ಇಲ್ಲ. ಕೊನೆಗೆ ಬೀಗದ ಕೈ ತರಲು ತಿರುಗಿದರು ನೋಡಿ, ರವಿಕೆಯ ಬೆನ್ನೆಲ್ಲ ಬೆಳ್ಳಗೆ! ನನಗೆ ಕುಣಿಯುವಷ್ಟು ಸಂತೋಷವಾಯಿತು.

"ರೂಮು ಹಿಡಿಸ್ತೇನು ತಮ್ಮಾ?" ಎಂದರು ಅಳುಕುತ್ತ.

"ಭಾಳ ಚಲೋ ಐತ್ರಿ ಕಾಕು. ಗಾಳಿ, ಬೆಳಕು..." ಎಂದೆ. ಇದ್ದ ಒಂದೇ ಕಿಟಕಿ ಪಕ್ಕದ ಮನೆಯ ನೀರಿನ ಟಾಕಿಗೆ ಮುಖ ಮಾಡಿತ್ತು. ನಿಮ್ಮ ಗೋಡೆಯ ರೋಗಕ್ಕೆ ಮನಸೋತೆ ಎಂದು ಯಾವ ಬಾಯಿಂದ ಹೇಳಲಿ, ನೀವೇ ಹೇಳಿ.

ಕಾಕುವಿಗೆ ಕನ್ನಡ ಮಾತಾಡುವ ಬಾಡಿಗೆದಾರ ಸಿಕ್ಕದ್ದೇ ಹಬ್ಬ. ಅವರ ಗಂಡ ಕಾಕಾ ಅಬಿಡ್ಸಿನ ಪುಸ್ತಕದಂಗಡಿಯಲ್ಲಿ ದಿನವಿಡೀ ತೆಲುಗು, ಹಿಂದಿ ಮಾತಾಡಿ ಮನೆಗೆ ಬರುವಾಗ ಬಾಯಿ ಮುಚ್ಚಿಕೊಂಡೇ ಬರುತ್ತಿದ್ದರು. ಹಾಗಾಗಿ ಕಾಕುವಿನ ಮಾತಿಗೆಲ್ಲ ನಾನೇ ಕಿವಿ. ಸಂಜೆಯಾದರೆ ಬಾಗಿಲ ಚಿಲಕ ಸಪ್ಪಳ: "ಎರಡ ರೊಟ್ಟಿ ಹೆಚ್ಚಾಗ್ಯಾವು, ತಿಂತೀಯೇನು?" ಆ ಎರಡು ರೊಟ್ಟಿ ಭಾನುವಾರ ಬಿಟ್ಟರೆ ದಿನವೂ ಹೆಚ್ಚಾಗುತ್ತಿದ್ದವು. ಭಾನುವಾರ ನಾಲ್ಕು.

ಅದೇ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಾನು ಕಳ್ಳನಂತೆ ಕೆಲಸಕ್ಕಿಳಿಯುತ್ತಿದ್ದೆ. ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಗುರುತು ಮಾಡಿ, ವಾರದಲ್ಲಿ ಅದರೊಳಗೆ ಮೂಡಿದ ಉಪ್ಪನ್ನು ಕುಂಚದಿಂದ ಕಾಗದಕ್ಕೆ ಉದುರಿಸಿ, ಸೋಮವಾರ ಆಫೀಸಿನಲ್ಲಿ ತೂಗುವುದು. ಲೆಕ್ಕ ಹೇಳಿದ್ದು ಒಂದು ಚಮಚ, ಸಿಕ್ಕಿದ್ದು ಒಂದು ಚಿಟಿಕೆ. ಮರುವಾರವೂ ಚಿಟಿಕೆ. ಮೂರು ತಿಂಗಳು ಹೀಗೇ ಕಳೆದವು. ನಿದ್ದೆಯಲ್ಲೂ ರಾಯಚೂರಿನ ಬಸ್ಸಿನ ಹಾರ್ನು ಕೇಳತೊಡಗಿತು.

ಪ್ರಾಮಾಣಿಕನಾದವನು ಗೋಡೆಗೇನಾಗುತ್ತಿದೆ ಎಂದು ಕಾದು ನೋಡುತ್ತಿದ್ದ. ನಾನು ಜಾಣ, ಹನ್ನೆರಡನೆಯ ಸಮೀಕರಣ ಬರೆದೆ. ಬೆಳಗಿನ ತೇವಕ್ಕೆ ಉಪ್ಪು ಮತ್ತೆ ಕರಗಿ ಗೋಡೆಯೊಳಕ್ಕೆ ಹಿಂತಿರುಗುತ್ತದೆ ಎಂದು ಹದಿನಾಲ್ಕು ಪುಟಗಳ ವಿವರಣೆ. ಕೆಲವು ಉಪ್ಪು ಹಾಗೆ ಮಾಡುವುದುಂಟು, ಆದ್ದರಿಂದ ಪೂರ್ತಿ ಸುಳ್ಳೂ ಅಲ್ಲ. ಎಷ್ಟು ಕರಗಿದರೆ ಚಿಟಿಕೆ ಉಳಿಯುತ್ತದೋ ಅಷ್ಟು ಕರಗಿಸಿದೆ. ತಾಳೆಯಾಯಿತು! ನಮ್ಮ ಮೇಲಧಿಕಾರಿ ಮೂರ್ತಿ ಸಾರ್ ತೆಲುಗಿನವರು, ಬಳ್ಳಾರಿಯಲ್ಲಿ ಓದಿದವರು. ಓದಿ "ಭೇಷ್" ಎಂದರು. ಆಮೇಲೆ, "ಕಳಿಸೋ ಮುಂಚೆ ಆ ಗೋಡೆ ನಾನೇ ನೋಡಬೇಕು. ಶನಿವಾರ ನಿಮ್ಮ ಮನೆಗೆ ಬರ್ತೀನಿ" ಎಂದರು.

ಕಾಕುವಿಗೆ ಹೇಳಿದ್ದಿಷ್ಟೇ: ನಮ್ಮ ಸಾಹೇಬರು ನನ್ನ ಕೋಣೆ ನೋಡಲು ಬರುತ್ತಾರೆ.

ಶನಿವಾರ ಅವರನ್ನು ಆಫೀಸಿನಿಂದ ಕರೆತಂದು ಬಾಗಿಲು ತೆರೆದೆ. ಗೋಡೆ ಗಿಳಿಹಸಿರಾಗಿ ಹೊಳೆಯುತ್ತಿತ್ತು. ಎಣ್ಣೆ ಬಣ್ಣ, ಇನ್ನೂ ಹಸಿ. ನನ್ನ ಪೆನ್ಸಿಲ್ ಚೌಕದ ಜಾಗದಲ್ಲಿ ಒಂದು ಕ್ಯಾಲೆಂಡರು.

"ಉಪ್ಪು ಏದಯ್ಯಾ?" ಎಂದರು ಮೂರ್ತಿ ಸಾರ್. ಉಪ್ಪೆಲ್ಲಯ್ಯಾ ಎಂದು ಅದರರ್ಥ; ಗಾಬರಿಯಾದರೆ ಅವರಿಗೆ ತೆಲುಗೇ ಬರುತ್ತಿತ್ತು.

ಬಜ್ಜಿಯ ತಟ್ಟೆ ಹಿಡಿದು ಬಂದ ಕಾಕು ಹೆಮ್ಮೆಯಿಂದ ಹೇಳಿದರು: "ಒಂದ ಕಾಳೂ ಬಿಟ್ಟಿಲ್ರಿ ಸಾಹೇಬ್ರ! ಇವ ಬಂದಾಗಿಂದ ದಿನಾ ಇವ ಆಫೀಸಿಗೆ ಹೋದಮ್ಯಾಲೆ ಕಸಬರಗಿ ತಗೊಂಡು ಗ್ವಾಡಿ ಬಳೀತೀನಿ. ಐತಾರ ಅಷ್ಟ ಬಿಡತೀನಿ, ಮನ್ಯಾಗ ಇರತಾನಲ್ಲ. ನೀವು ಬರತೀರಂತ ಗೌಂಡಿನ್ನ ಕರಸಿ ಬಣ್ಣಾನೂ ಹಚ್ಚಿಸೀನಿ."

ಮೂರ್ತಿ ಸಾರ್ ನನ್ನ ಕಡೆ ನಿಧಾನಕ್ಕೆ ತಿರುಗಿದರು. "ನಿನ್ನ ಬೆಳಗಿನ ತೇವ ಇವರೇನಯ್ಯ?"

ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಚೊಂಬನ್ನೇ ಎತ್ತಿ ಗಟಗಟ ಕುಡಿದೆ. ಎಲ್ಲವನ್ನೂ ಹೇಳಿದೆ, ಕೋಣೆ ಹಿಡಿದದ್ದೇ ಗೋಡೆಗಾಗಿ ಎಂಬುದನ್ನೂ. ಕಾಕುವಿನ ಮುಖ ಸಣ್ಣದಾಯಿತು.

"ಬಳಿದದ್ದನ್ನ ಎಲ್ಲಿ ಚೆಲ್ಲಿದಿರಮ್ಮಾ?" ಎಂದರು ಮೂರ್ತಿ ಸಾರ್, ಆಸೆಯೇ ಇಲ್ಲದ ದನಿಯಲ್ಲಿ.

"ಚೆಲ್ಲೂದಾ? ಉಪ್ಪು ಲಕ್ಷ್ಮಿ ಅಲ್ಲೇನ್ರಿ? ನಾಕ ಮಂದಿ ತುಳಿಯೂ ಜಾಗದಾಗ ಹ್ಯಾಂಗ ಚೆಲ್ಲಲಿ?" ಒಳಗೆ ಹೋದವರು ಎರಡು ಉಪ್ಪಿನಕಾಯಿ ಭರಣಿ ತಂದು ಮೇಜಿನ ಮೇಲೆ ಕುಕ್ಕಿದರು. ನನ್ನ ಕಳೆದುಹೋದ ಉಪ್ಪೆಲ್ಲ ಅದರಲ್ಲಿತ್ತು.

ಸೋಮವಾರ ಅದನ್ನು ನೀರಿನಲ್ಲಿ ಕರಗಿಸಿ, ಕಸ ಸೋಸಿ, ಒಣಗಿಸಿ ತೂಗಿದೆವು. ನನ್ನ ಚಿಟಿಕೆಗಳನ್ನು ಕೂಡಿಸಿ ಇಡೀ ಗೋಡೆಗೆ ಲೆಕ್ಕ ಹಾಕಿದರೆ, ಮೊದಲ ಹನ್ನೊಂದು ಸಮೀಕರಣಗಳು ಹೇಳಿದ್ದಕ್ಕೂ ಇದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಮೂರ್ತಿ ಸಾರ್ ನನ್ನ ಹದಿನಾಲ್ಕು ಪುಟಗಳನ್ನು ಕಸದ ಬುಟ್ಟಿಗೆ ಹಾಕಿ, "ನಿನ್ನ ಗಣಿತ ಸರಿ ಇತ್ತು ಕಣಯ್ಯ, ಜಾಣತನ ಜಾಸ್ತಿ ಆಯ್ತು" ಎಂದರು. ನೌಕರಿ ಕಾಯಂ ಆಯಿತು.

ಸಿಹಿ ಹಿಡಿದುಕೊಂಡು ಮನೆಗೆ ಬಂದೆ. ಸಂಜೆ ಚಿಲಕ ಸಪ್ಪಳವಾಗಲಿಲ್ಲ. ಒಂದು ತಾಸು ಕಾದು ನಾನೇ ಅಡುಗೆಮನೆಯ ಬಾಗಿಲಿಗೆ ಹೋದೆ. ಕಾಕು ಹಂಚಿನಿಂದ ಕಣ್ಣೆತ್ತಲಿಲ್ಲ.

"ನಾ ಒಬ್ಬಾಕಿ ಹುಚ್ಚಿ. ಉಪ್ಪು ನೋಡಿದ್ರ ಹುಡುಗ ಮನಿ ಬಿಟ್ಟು ಹೋಗತಾನ ಅಂತ ದಿನಾ ಸೊಂಟಾ ಮುರಕೊಂಡೆ. ನೀ ಗ್ವಾಡಿ ಸಲುವಾಗಿ ಬಂದಾಂವ. ನಾ ರೊಟ್ಟಿ ಹಿಡಿಸ್ಯಾವ ಅಂತ ತಿಳಕೊಂಡಿದ್ದೆ." ರೊಟ್ಟಿ ತಿರುವಿ ಹಾಕಿದರು. "ಈಗ ಗ್ವಾಡಿ ಚಂದ ಆತಲ್ಲ. ಯಾವಾಗ ಹೋಗಾಂವ?"

ಕೆಲಸ ಉಳಿದ ಸಂತೋಷವೆಲ್ಲ ಅಲ್ಲೇ ಇಳಿದುಹೋಯಿತು. "ಬಂದದ್ದು ಗ್ವಾಡಿಗೇರಿ ಕಾಕು" ಎಂದೆ, ಇನ್ನು ಸುಳ್ಳು ಹೇಳುವ ಧೈರ್ಯವಿರಲಿಲ್ಲ. "ಈಗ ಎಲ್ಲಿಗೂ ಹೋಗಂಗಿಲ್ಲ. ಎರಡ ರೊಟ್ಟಿ ಹೆಚ್ಚಾಗ್ಯಾವೇನ್ರಿ?"

ಅವರು ಹಂಚಿನ ಮೇಲಿನ ರೊಟ್ಟಿ ಇಳಿಸಿದರು. ಆಮೇಲೆ ತಟ್ಟೆಗೆ ನಾಲ್ಕು ಹಾಕಿದರು, ಸೋಮವಾರವಾದರೂ.

ಮದುವೆಯಾಗುವವರೆಗೆ, ನಾಲ್ಕು ವರ್ಷ, ಆ ಮನೆಯಲ್ಲೇ ಇದ್ದೆ. ವರ್ಷ ತುಂಬುವುದರೊಳಗೆ ಉಪ್ಪು ಆ ಹಸಿರು ಬಣ್ಣವನ್ನು ಹಪ್ಪಳದಂತೆ ಉಬ್ಬಿಸಿ ಹೊರಗೆ ಬಂತು. ಕಾಕು ಅದನ್ನು ಬಳಿಯುವ ಗೋಜಿಗೆ ಹೋಗಲಿಲ್ಲ.

ಕಳೆದ ವಾರ ಬಣ್ಣದವನಿಗೆ ನಾಳೆ ಬಾ ಎಂದೆ. ಅಂಗೈಗೆ ಉದುರಿಸಿಕೊಂಡ ಉಪ್ಪನ್ನು ಎಲ್ಲಿ ಹಾಕುವುದೆಂದು ತಿಳಿಯದೆ, ಇನ್ನೊಂದು ಕೈಯಲ್ಲಿ ಕೂಕಟ್‌ಪಲ್ಲಿಗೆ ಫೋನು ಹಚ್ಚಿದೆ. ಕಾಕುವಿಗೀಗ ಕಿವಿ ಮಂದ, ಕೂಗಿಯೇ ಹೇಳಬೇಕು.

"ಕಾಕೂ, ನಮ್ಮ ಗ್ವಾಡಿನೂ ಉಪ್ಪು ಕಾರಾಕತ್ತೈತ್ರಿ!"

ಆ ಕಡೆಯಿಂದ ಅದೇ ಹಳೆಯ ದನಿ: "ಬಳೀಬ್ಯಾಡ ಬಿಡು. ಅದನ್ನ ನೋಡಿಯರೆ ಯಾರಾರ ಬಂದಾರು."