ಜಂಬಣ್ಣ ಕಂಡಕ್ಟರ್ ಶಾಲೆಗೆ ಅಂಕ ಕೊಟ್ಟದ್ದು

ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್ ಜಂಬಣ್ಣನಿಗೆ ಹತ್ತನೇ ತರಗತಿ ಪಾಸಾಗಲು ಮೂರು ಸಲ ಬೇಕಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ದಾರಿಯಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಹಾಕಬೇಕೆನ್ನುವವರೆಲ್ಲ ಮೊದಲು ಬಂದು ಕೇಳುತ್ತಿದ್ದದ್ದು ಅವನನ್ನೇ.

ಕೇಳುವುದಕ್ಕೂ ಕಾರಣವಿತ್ತು. ಹದಿನಾಲ್ಕು ವರ್ಷದಿಂದ ಅವನದು ಅದೇ ದಾರಿ. ಬೆಳಿಗ್ಗೆ ಏಳೆಂಟು ಶಾಲೆಗಳ ಮಕ್ಕಳು ಹತ್ತುತ್ತಿದ್ದರು, ಸಂಜೆ ಅವರೇ ಇಳಿಯುತ್ತಿದ್ದರು. ಜಂಬಣ್ಣ ಟಿಕೆಟ್ ಕೊಡುತ್ತಲೇ ಅವರವರ ಶಾಲೆಗೆ ಅಂಕ ಹಾಕುತ್ತಿದ್ದ. ಮುದುಕಿ ಹತ್ತಿದಾಗ ಎದ್ದು ಸೀಟು ಬಿಟ್ಟವನ ಶಾಲೆಗೆ ಹತ್ತಕ್ಕೆ ಎಂಟು. ಬಸ್ಸಿನೊಳಗೆ ಶೇಂಗಾ ಸಿಪ್ಪೆ ಚೆಲ್ಲಿದವನ ಶಾಲೆಗೆ ಮೂರು. ಬೂಟಿನ ಲೇಸು ಬಿಚ್ಚಿ ಓಡಾಡುತ್ತಿದ್ದರೆ ಅಲ್ಲಿಯ ಹೆಡ್‌ಮಾಸ್ಟರು ಸರಿ ಇಲ್ಲ. "ಏ ಕಂಡಕ್ಟರ್" ಎಂದು ಕೂಗಿದರೆ ಆ ಶಾಲೆಯಲ್ಲಿ ಸಂಸ್ಕಾರವಿಲ್ಲ. "ಅಣ್ಣಾರ" ಎಂದರೆ ಅಲ್ಲಿ ಗಣಿತ ಕೂಡ ಚೆನ್ನಾಗಿ ಕಲಿಸುತ್ತಾರೆ. ಗಣಿತಕ್ಕೂ ಅಣ್ಣಾರಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಸಾಕು, ಯಾರಾದರೊಬ್ಬರು ಚಹಾದ ಗ್ಲಾಸು ಹಿಡಿದು ಬರುತ್ತಿದ್ದರು. "ಜಂಬಣ್ಣಾರ, ನಮ್ಮ ಹುಡುಗನ್ನ ಎಲ್ಲಿ ಹಾಕಬೇಕ್ರಿ?" ಜಂಬಣ್ಣ ಒಂದು ಗುಟುಕು ಕುಡಿದು, ಮೇಲೆ ನೋಡಿ, ತೀರ್ಪು ಕೊಡುತ್ತಿದ್ದ. ಯಾವ ಶಾಲೆಯ ಗೇಟಿನೊಳಗೂ ಅವನು ಕಾಲಿಟ್ಟಿರಲಿಲ್ಲ. ಮಂದಿಯ ತೇಗು ಕೇಳಿ ಅಡುಗೆಯ ರುಚಿ ಹೇಳುವ ಮನುಷ್ಯ ಎಂದು ಅವನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡು ಅವನು ಸುಮ್ಮನಿರುತ್ತಿದ್ದ.

ಸಿಸ್ಟರ್ ಸಾಲಿಯ ತಂಟೆಗೆ ಹೋಗುವವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಸಿಂಧನೂರಿನಲ್ಲಿರುವ ಆ ಬಾಲಕಿಯರ ಹೈಸ್ಕೂಲನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಾರೆ. ಶಿಕ್ಷಕರ ಸಂಬಳ ಸರ್ಕಾರದ್ದು, ಪಠ್ಯಪುಸ್ತಕ ಸರ್ಕಾರದ್ದು, ಮಧ್ಯಾಹ್ನದ ಬಿಸಿಯೂಟವೂ ಸರ್ಕಾರದ್ದು. ಆಡಳಿತ ಮಾತ್ರ ಸಿಸ್ಟರುಗಳದ್ದು. ಅಲ್ಲಿಯ ಹುಡುಗಿಯರು ಬೆಳಿಗ್ಗೆ ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಂಡು ಜಂಬಣ್ಣನ ಬಸ್ಸು ಹತ್ತುತ್ತಿದ್ದರು. ಸಂಜೆ ನೋಡಿದರೆ ಹಣೆ ಬೋಳು. ಎರಡು ವರ್ಷದ ಹಿಂದೆ ಒಂದು ದಿನ ಇದು ಅವನ ಕಣ್ಣಿಗೆ ಬಿತ್ತು. ಬಸ್ಸಿನಲ್ಲೇ ಬೆಳೆದ ಬುದ್ಧಿ ಅವನದು. ಹೋಗುವಾಗ ಇದ್ದದ್ದು ಬರುವಾಗ ಇಲ್ಲವೆಂದರೆ ನಡುವೆ ಯಾರೋ ತೆಗೆದಿದ್ದಾರೆ ಎಂದು ತೀರ್ಮಾನಿಸಿಬಿಟ್ಟ.

"ಗೇಟಿನ್ಯಾಗ ಒಬ್ಬಾಕಿ ಸಿಸ್ಟರ್ ನಿಂತಿರ್ತಾಳ. ಹಸಿ ಅರಿವಿ ಹಿಡಕೊಂಡು ಎಲ್ಲಾ ಹುಡುಗ್ಯಾರ ಹಣಿ ಒರಸ್ತಾಳ" ಎಂದು ಮೊದಲ ಸಲ ಹೇಳಿದಾಗ ಅವನಿಗೇ ತುಸು ಅನುಮಾನವಿತ್ತು. ಎರಡನೇ ಸಲಕ್ಕೆ ಇರಲಿಲ್ಲ. ನಾಲ್ಕನೇ ಸಲ ಹೇಳುವಾಗ ಆ ಅರಿವೆಗೆ, ಆ ಒದ್ದೆ ಬಟ್ಟೆಗೆ, ನೀಲಿ ಚೌಕಗಳೂ ಬಂದಿದ್ದವು. ಕೇಳುವವರು ಬಾಯಿ ಬಿಟ್ಟು ಕೇಳತೊಡಗಿದರೆ ಹೇಳುವವನ ನಾಲಿಗೆಗೆ ಲಗಾಮು ಎಲ್ಲಿಂದ ಬರಬೇಕು! ಮಸ್ಕಿಯಲ್ಲಿ ಆ ಮಾತು ಜಂಬಣ್ಣನಿಗಿಂತ ಜೋರಾಗಿ ಓಡಾಡಿತು.

ಈ ವರ್ಷ ಅವನ ಮಗಳು ಅಶ್ವಿನಿ ಏಳನೇ ತರಗತಿ ಮುಗಿಸಿದಳು. ಜೂನ್ ಮೊದಲ ವಾರ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ ರೊಟ್ಟಿ ಮುರಿಯುತ್ತ, "ನಾ ಸಿಸ್ಟರ್ ಸಾಲಿಗೇ ಹೋಗಾಕಿ" ಎಂದಳು. ಬಸ್ಸಿನ ಡ್ರೈವರ್ ಮಕ್ತುಮ್‌ಸಾಬನ ಮಗಳು ಹುಸ್ನಾ ಒಂದು ವರ್ಷದಿಂದ ಅಲ್ಲೇ ಓದುತ್ತಿದ್ದಳು. ಅಲ್ಲಿ ಉಳ್ಳಾಗಡ್ಡಿಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ತೋರಿಸುತ್ತಾರಂತೆ, ಒಳಗೆ ಸಾಲುಸಾಲು ಕೋಣೆ ಕಾಣುತ್ತವಂತೆ. ಅದನ್ನು ಕೇಳಿದ ದಿನದಿಂದ ಅಶ್ವಿನಿ ಅಡುಗೆಮನೆಯಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಸುಲಿದು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಬಾಯಿಬಿಟ್ಟು ಒಂದು ಬಳೆ ಕೇಳದ ಹುಡುಗಿ ಅದು.

"ಬ್ಯಾಡವ್ವ" ಎಂದಳು ಜಂಬಣ್ಣನ ತಾಯಿ ವೀರಭದ್ರಮ್ಮ. "ಹಣಿ ಒರಸೋ ಸಾಲಿ ನಮಗ ಬ್ಯಾಡ. ನಿಮ್ಮಪ್ಪ ಕಣ್ಣಾರೆ ಕಂಡಾನ."

ತಮ್ಮೂರು ಮಸ್ಕಿಯ ಹೈಸ್ಕೂಲಿನಲ್ಲಿ ಗಂಡುಹುಡುಗರಿದ್ದಾರೆಂದು ವೀರಭದ್ರಮ್ಮ ಆ ಬಾಗಿಲನ್ನು ಮೊದಲೇ ಹಾಕಿದ್ದಳು. ಇದೂ ಹಾಕಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ವೀರಭದ್ರಮ್ಮನ ಮಾತು ದಾಟಿದವರಿಲ್ಲ. ಜಂಬಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದ.

"ಅವ್ವಾ, ಕಣ್ಣಾರೆ ಅಂದ್ರ... ಪೂರಾ ಕಣ್ಣಾರೆ ಏನಲ್ಲ."

"ನೀಲಿ ಚೌಕದ ಅರಿವಿ ಅಂದಿದ್ದೆಲ್ಲೋ?"

"ಅಂದಿದ್ದೆ."

"ಕಾಣಲಾರದ ಅರಿವಿಗೆ ಬಣ್ಣ ಹೆಂಗ ಬಂತಲೇ?"

ಜಂಬಣ್ಣ ನೀರು ಕುಡಿದ. ಆಗ ಅಶ್ವಿನಿ ಅಪ್ಪನ ಮುಖವನ್ನೇ ದಿಟ್ಟಿಸಿ ನೋಡಿ ಕೇಳಿದಳು: "ಅಪ್ಪಾ, ಮುಂಜಾನೆ ನೀನೂ ಮೂರೆಳಿ ವಿಭೂತಿ ಹಚಗೊಂಡು ಡ್ಯೂಟಿಗೆ ಹೋಗಿದ್ದಿ. ಈಗೆಲ್ಲೈತಿ? ನಿನ್ನ ಹಣಿ ಯಾವ ಸಿಸ್ಟರ್ ಒರಸಿದ್ಳು?"

ಜಂಬಣ್ಣ ಹಣೆ ಮುಟ್ಟಿ ನೋಡಿಕೊಂಡ. ಬೆವರು, ಧೂಳು, ಅಷ್ಟೆ. ಈ ಸೀಮೆಯ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಯಾರ ಹಣೆಯ ವಿಭೂತಿ ನಿಂತಿದೆ? ಹದಿನಾಲ್ಕು ವರ್ಷದಿಂದ ಮಂದಿಯ ಮಕ್ಕಳ ಹಣೆ ಓದಿದವನು ಒಂದು ಸಲ ಕನ್ನಡಿ ನೋಡಿಕೊಂಡಿರಲಿಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಅವಳ ನಗು ಬಹಳ ಹೊತ್ತು ಕೇಳಿಸಿತು.

ವೀರಭದ್ರಮ್ಮ ಮಾತ್ರ ನಗಲಿಲ್ಲ. "ನಿನ್ನ ಮಾತು ಆಗೂ ನಂಬಿದ್ದು ತಪ್ಪು, ಈಗ ನಂಬಿದ್ರೂ ತಪ್ಪು. ನಾನೇ ಬಂದು ನೋಡ್ತೀನಿ. ಅರಿವಿ ಕಂಡ್ರ ಹುಡುಗಿ ಮನ್ಯಾಗ ಇರ್ತಾಳ, ನೋಡು ಮತ್ತ."

ಸೇರಿಸಿಕೊಳ್ಳುವುದಕ್ಕೆ ಶನಿವಾರ ಕಡೆಯ ದಿನ. ಶುಕ್ರವಾರ ಜಂಬಣ್ಣನಿಗೆ ವಾರದ ರಜೆ. ತಾಯಿಯನ್ನು ಕರೆದುಕೊಂಡು ತನ್ನ ಬಸ್ಸಿನಲ್ಲೇ ಪ್ರಯಾಣಿಕನಾಗಿ ಕುಳಿತ. ದಾರಿಯಲ್ಲಿ ಡ್ರೈವರನ ಹಿಂದೆ ಹೋಗಿ ನಿಂತು, ಹಗೂರಕ್ಕೆ, "ಮಕ್ತುಮ್‌ಸಾಬ್, ಆ ಸಾಲ್ಯಾಗ ಹಣಿ-ಗಿಣಿ ಒರಸ್ತಾರೇನೋ?" ಎಂದು ಕೇಳಿದ.

ಮಕ್ತುಮ್‌ಸಾಬ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹಂಗೇನಿಲ್ಲ ಅಂತ ಹೋದ ವರ್ಷ ಎರಡು ಸಲ ಹೇಳೀನಿ. ನೀ ನನಗ 'ನಿನಗೇನು ಗೊತ್ತು, ನೀ ಮುಂದ ನೋಡಿ ಗಾಡಿ ಹೊಡಿ' ಅಂದಿ. ನಾ ಗಾಡಿ ಹೊಡಿಯಾಕತ್ತೀನಿ."

ಹೌದು, ಅಂದಿದ್ದ. ಮಗಳು ಅದೇ ಶಾಲೆಯಲ್ಲಿ ಓದುವ ಮನುಷ್ಯ ದಿನವಿಡೀ ಆರು ಅಡಿ ದೂರದಲ್ಲಿ ಕುಳಿತಿದ್ದರೂ ಅವನ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜಂಬಣ್ಣ ಹಿಂದಕ್ಕೆ ಬಂದು ತಾಯಿಯ ಪಕ್ಕ ಕುಳಿತ.

ಶಾಲೆಯ ಆಫೀಸಿನಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲೀನಾ ಇದ್ದರು. ಮಂಗಳೂರು ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಜಂಬಣ್ಣ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಕುರ್ಚಿಯಲ್ಲಿ ಕುಳಿತ ಕೂಡಲೇ ಹತ್ತೂ ಹಾರಿಹೋದವು. ಮೂರನೇ ಸಲ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತಾಗಿನ ಹಾಗೆಯೇ ಅಂಗೈ ಬೆವರಿತು. "ಫ್ಯಾನು ಚೊಲೋ ತಿರಗತೈತ್ರಿ" ಎಂದ. ಸಿಸ್ಟರ್ ಮೇಲೆ ನೋಡಿ, ಹೌದು ಎಂದರು.

ಆಮೇಲೆ ಅವರೇ ಹೇಳತೊಡಗಿದರು. "ಬೆಳಿಗ್ಗೆ ಒಂದು ಪ್ರಾರ್ಥನೆ ಉಂಟು. ಅದರಲ್ಲಿ ದೇವರು ಅಂತ ಮಾತ್ರ ಉಂಟು, ಯಾವ ದೇವರು ಅಂತ ಇಲ್ಲ. ಬೈಬಲ್ ಪಾಠ ನಮ್ಮ ಕ್ರೈಸ್ತ ಮಕ್ಕಳಿಗೆ, ಆಗ ಉಳಿದವರಿಗೆ ನೀತಿಪಾಠ. ಲ್ಯಾಬು ಚೆನ್ನಾಗಿದೆ. ಕಂಪ್ಯೂಟರ್ ಇದೆ, ಕಲಿಸುವವರು ಇಲ್ಲ. ಇಂಗ್ಲಿಷ್ ಟೀಚರ್ ರಿಟೈರ್ ಆದರು, ಸರ್ಕಾರ ಇನ್ನೂ ಬೇರೆಯವರನ್ನು ಕೊಟ್ಟಿಲ್ಲ. ಅಲ್ಲಿವರೆಗೆ ನಾನೇ ಪಾಠ ಮಾಡ್ತೇನೆ. ಸುಮಾರಾಗಿ ಮಾಡ್ತೇನೆ."

ತನ್ನ ಶಾಲೆಯ ಕೊರತೆಯನ್ನು ತಾನೇ ಹೇಳುವ ಹೆಡ್‌ಮಿಸ್ಟ್ರೆಸ್‌ಗೆ ಎಷ್ಟು ಅಂಕ ಕೊಡಬೇಕೆಂದು ಜಂಬಣ್ಣನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ವೀರಭದ್ರಮ್ಮ ನೇರ ವಿಷಯಕ್ಕೆ ಬಂದಳು.

"ಹಣಿ ಒರಸೋ ಅರಿವಿ ಎಲ್ಲೈತ್ರಿ ಅಮ್ಮಾರ? ನೀಲಿ ಚೌಕದ್ದು?"

"ಯಾವ ಬಟ್ಟೆ, ಅಜ್ಜಿ?"

"ಇವನೇ ಹೇಳ್ಯಾನ. ನನ್ನ ಮಗ. ಊರ ಮಂದಿಗೆಲ್ಲ ಹೇಳ್ಯಾನ." ವೀರಭದ್ರಮ್ಮ ಒಂದನ್ನೂ ಮುಚ್ಚಿಡದೆ, ಗೇಟು, ಹಸಿ ಅರಿವೆ, ಬೋಳು ಹಣೆ, ಎಲ್ಲವನ್ನೂ ಒಪ್ಪಿಸಿಬಿಟ್ಟಳು.

ಜಂಬಣ್ಣನಿಗೆ ಕುರ್ಚಿಯ ಕೆಳಗೆ ಹೋಗಿ ಕೂತರೆ ಆಗುತ್ತಿತ್ತು ಅನ್ನಿಸಿತು. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಎರಡು ವರ್ಷದಿಂದ ಮಸ್ಕಿಯಿಂದ ಹೊಸ ಮಕ್ಕಳು ಯಾಕೆ ಅಷ್ಟಾಗಿ ಬರ್ತಿಲ್ಲ ಅಂತ ನಾವು ಮೀಟಿಂಗ್ ಕೂಡ ಮಾಡಿದ್ದೆವು" ಎಂದರು. "ನಮ್ಮ ಪಾಠ ಸರಿ ಇಲ್ಲವೋ ಏನೋ ಅಂದುಕೊಂಡೆವು."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಸಿಸ್ಟರ್ ಎದ್ದು, "ಬನ್ನಿ ಅಜ್ಜಿ, ನೀವೇ ನೋಡಿ" ಎಂದರು.

ನಲ್ಲಿಗಳ ಸಾಲಿನ ಮುಂದೆ ಹುಡುಗಿಯರು ಮುಗಿಬಿದ್ದಿದ್ದರು. ಬಿಸಿಯೂಟಕ್ಕೆ ಕೈ ತೊಳೆಯಲು ಬಂದವರು ಆ ಸೆಕೆಗೆ ಮುಖಕ್ಕೂ ಬೊಗಸೆ ಬೊಗಸೆ ನೀರು ಹೊಡೆದುಕೊಳ್ಳುತ್ತಿದ್ದರು. ವಿಭೂತಿ ನೀರಿನ ಜೊತೆ ಮೂಗಿನ ಮೇಲಿಂದ ಇಳಿದು ಮೋರಿ ಸೇರುತ್ತಿತ್ತು. ಒಬ್ಬ ಸಿಸ್ಟರ್ ಅಲ್ಲಿ ನಿಂತಿದ್ದದ್ದು ನಿಜ. ಆದರೆ ಅವರ ಕೈಯಲ್ಲಿ ಸಾರಿನ ಸೌಟಿತ್ತು. "ಮುಖ ತೊಳೆದದ್ದು ಸಾಕು ಮಾರಾಯ್ತಿ, ಟ್ಯಾಂಕ್ ಖಾಲಿ ಆಗ್ತದೆ!" ಎಂದು ಅವರು ಕೂಗಾಡುತ್ತಿದ್ದರು.

ವೀರಭದ್ರಮ್ಮ ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬ ಹುಡುಗಿಯನ್ನು ಹಿಡಿದು, ಸಿಸ್ಟರ್ ಲೀನಾರ ಎದುರಿಗೇ, "ಹಚ್ಚಲೇನವ್ವ?" ಎಂದು ಕೇಳಿದಳು. ಹುಡುಗಿ ಸಿಸ್ಟರ್ ಕಡೆ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಜಂಬಣ್ಣ ಮಾಡದ ಪರೀಕ್ಷೆಯನ್ನು ಮುದುಕಿ ಒಂದು ಗಳಿಗೆಯಲ್ಲಿ ಮಾಡಿದ್ದಳು.

"ಅಜ್ಜಿ ಹಚ್ಚಿದರೆ ಹಚ್ಚಿಸಿಕೋ" ಎಂದರು ಸಿಸ್ಟರ್. "ಬೇಗ. ಊಟ ತಣ್ಣಗಾಗ್ತದೆ."

ಅವಳ ಹಿಂದೆ ಮತ್ತೆ ನಾಲ್ಕು ಹುಡುಗಿಯರು ಹಣೆ ಮುಂದೆ ಮಾಡಿಕೊಂಡು ಸಾಲು ನಿಂತರು. ಎಲ್ಲರಿಗೂ ಹಚ್ಚಿ ಮುಗಿಸಿದ ವೀರಭದ್ರಮ್ಮ ಕೈ ಝಾಡಿಸಿಕೊಂಡು ಮಗನಿಗೆ, "ನಿಂತು ಏನ್ ನೋಡ್ತಿ, ಹೋಗಿ ಅರ್ಜಿ ತುಂಬು" ಎಂದಳು.

ಅಶ್ವಿನಿಯ ಹೆಸರು ಬರೆಸಿ ಹೊರಬಂದಾಗ ಜಂಬಣ್ಣನಿಗೆ ಹಾಡಬೇಕೆನಿಸಿತ್ತು. ಬಸ್ಸು ಮಸ್ಕಿ ಹತ್ತಿರ ಬಂದಾಗ ತಾಯಿ ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು: "ಅನಿಲಕುಮಾರನ ಮಗಳು ಭಾರತಿ ಸಾಲಿ ಬಿಟ್ಟು ಎಷ್ಟು ವರ್ಷಾತೋ?"

"ಎರಡು" ಎಂದ ಜಂಬಣ್ಣ. ಹಾಡು ಅಲ್ಲಿಗೆ ನಿಂತಿತು.

ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಅನಿಲಕುಮಾರ ಎರಡು ವರ್ಷದ ಹಿಂದೆ ಇದೇ ಬಸ್‌ಸ್ಟ್ಯಾಂಡಿಗೆ ಚಹಾ ಹಿಡಿದು ಬಂದಿದ್ದ. ಮಗಳನ್ನು ಸಿಸ್ಟರ್ ಸಾಲಿಗೆ ಹಾಕಲೋ ಬೇಡವೋ ಎಂದು ಕೇಳಿದ್ದ. ಅರಿವೆಗೆ ನೀಲಿ ಚೌಕ ಬಂದದ್ದು ಅವನ ಚಹಾ ಕುಡಿಯುತ್ತಿರುವಾಗಲೇ. ಅಂದಿನಿಂದ ಭಾರತಿ ಅಂಗಡಿಯಲ್ಲಿ ಸಕ್ಕರೆ, ಬೇಳೆ ತೂಗುತ್ತಿದ್ದಾಳೆ. ಎಷ್ಟೋ ಸಲ ಜಂಬಣ್ಣನಿಗೇ ತೂಗಿ ಕೊಟ್ಟಿದ್ದಾಳೆ.

"ಅವರ ಮುಂದ ಹೋಗಿ ಇದ್ದದ್ದು ಇದ್ದಂಗ ಹೇಳಿ ಬಾ" ಎಂದಳು ವೀರಭದ್ರಮ್ಮ. "ಆಮ್ಯಾಲ ಮನಿಗೆ ಬಾ."

ಅಂಗಡಿಯಲ್ಲಿ ತಂದೆ ಮಗಳು ಇಬ್ಬರೂ ಇದ್ದರು. ಜಂಬಣ್ಣ ಮೊದಲು ಮಳೆಯ ಮಾತಾಡಿದ, ಆಮೇಲೆ ಬೇಡದಿದ್ದರೂ ಕಾಲು ಕಿಲೋ ಅವಲಕ್ಕಿ ಕೇಳಿದ. ಭಾರತಿ ತೂಗುವಾಗ ಇನ್ನು ತಡೆಯಲಾಗಲಿಲ್ಲ. "ಅನಿಲಕುಮಾರ, ಆ ಸಿಸ್ಟರ್ ಸಾಲಿದು ನಾ ಹೇಳಿದ್ದು ಸುಳ್ಳಪ್ಪ. ಅಲ್ಲಿ ಅರಿವಿನೂ ಇಲ್ಲ, ಒರಸೋರೂ ಇಲ್ಲ. ನಾ ಆ ಗೇಟೇ ನೋಡಿದ್ದಿಲ್ಲ. ಬಾಯಿಗೆ ಬಂದಂಗ ಹೇಳಿದ್ದೆ. ನನ್ನ ಮಗಳ ಹೆಸರು ಇವತ್ತ ಅಲ್ಲೇ ಹಚ್ಚಿ ಬಂದೀನಿ."

ಅನಿಲಕುಮಾರ ಗಲ್ಲಾಪೆಟ್ಟಿಗೆಯ ಮೇಲೆ ಕೈ ಊರಿ ಹಾಗೇ ನಿಂತ. ಹೊಡೆದರೂ ಹೊಡೆಯಲಿ ಅನ್ನಿಸಿತು ಜಂಬಣ್ಣನಿಗೆ. ನಾಚಿಕೆಯಿಂದ ಅವನ ಕಣ್ಣು ತುಂಬಿದ್ದವು.

ಭಾರತಿ ಅವಲಕ್ಕಿಯನ್ನು ತಕ್ಕಡಿಯಲ್ಲೇ ಬಿಟ್ಟು ಒಳಗೆ ಓಡಿದಳು. ಅಳಲು ಹೋದಳೆಂದುಕೊಂಡ ಅವನು. ಮರುಗಳಿಗೆಯಲ್ಲೇ ಅವಳು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದಳು. ಒಳಗೆ ಅವಳ ಏಳನೇ ತರಗತಿಯ ಟಿಸಿ ಇತ್ತು, ಮಡಿಕೆ ಸಹ ಬಿದ್ದಿರಲಿಲ್ಲ.

"ಕಾಕಾ, ಈಗ ಹೋದ್ರ ಎಂಟನೇತ್ತಕ್ಕ ತಗೋತಾರೇನ್ರಿ? ಅಶ್ವಿನಿ ಜೋಡೀನ ಕುಂಡ್ರತೀನಿ. ದೊಡ್ಡಾಕಿ ಅಂತ ಯಾರರ ನಕ್ರ ನಗಲಿ."

"ಗೊತ್ತಿಲ್ಲವ್ವ" ಎಂದ ಜಂಬಣ್ಣ. "ನನಗ ಖರೇನಾ ಗೊತ್ತಿಲ್ಲ. ನಾಳೆ ಕಡೀ ದಿನ ಐತಿ. ಹೋಗಿ ಕೇಳೂನು."

ಅನಿಲಕುಮಾರ ಮಗಳ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ. ಆಮೇಲೆ ಜಂಬಣ್ಣನ ಮುಖ ನೋಡದೆಯೇ ಕೇಳಿದ: "ಮುಂಜಾನೆ ಬಸ್ಸು ಎಷ್ಟಕ್ಕ ಬಿಡತೈತಿ?"

"ಎಂಟೂ ಹತ್ತಕ್ಕ" ಎಂದ ಜಂಬಣ್ಣ. "ನೀವು ಬರೋತನಕ ಬಿಡಂಗಿಲ್ಲ."