ಅನಂತರಾಜು ತಾನೇ ಮಾಡಿದ ಸರ್ವೀಸು

ಮರಳೂರಿನ ಅನಂತರಾಜು ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಕೆಲಸವೂ ಅದಕ್ಕೆ ತಕ್ಕಂಥದ್ದೇ ಸಿಕ್ಕಿದೆ. ತುಮಕೂರಿನ ಪಶು ಆಹಾರದ ಏಜೆನ್ಸಿಯೊಂದರ ಪರವಾಗಿ ಗುಬ್ಬಿ, ಹಾಗಲವಾಡಿ, ಸಿ.ಎಸ್. ಪುರದ ಅಂಗಡಿಗಳನ್ನು ಸುತ್ತಿ ಹಿಂಡಿ ಬೂಸಾದ ಆರ್ಡರ್ ಹಿಡಿಯುವುದು. ಪೆಟ್ರೋಲಿಗೆ ಏಜೆನ್ಸಿ ದುಡ್ಡು ಕೊಡುತ್ತದೆ, ಬೈಕಿನ ಸರ್ವೀಸಿಗೆ ಕೊಡುವುದಿಲ್ಲ. ಈ ಅನ್ಯಾಯವನ್ನು ಅವನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿಯಾಗಿದೆ. ಎರಡೆರಡು ಸಲ ಕೇಳಿಸಿಕೊಂಡು ತಲೆಯಾಡಿಸಿದ ಪುಣ್ಯಾತ್ಮರೂ ಇದ್ದಾರೆ.

ಗೊಣಗಾಟ ಏನೇ ಇರಲಿ, ಆ ಬೈಕೆಂದರೆ ಅವನಿಗೆ ಜೀವ. ಶುಕ್ರವಾರ ಬೆಳಿಗ್ಗೆ ತನ್ನ ಮುಖ ತೊಳೆಯುವ ಮೊದಲು ಅದರ ಮೈ ತೊಳೆಯುತ್ತಾನೆ. ಬೀದಿಯಲ್ಲಿ ಯಾರದೋ ಗಾಡಿ ಹೋದರೆ ಸದ್ದು ಕೇಳಿಯೇ ಚೈನು ಸಡಿಲವಾಗಿದೆ ಎಂದು ಲೊಚಗುಟ್ಟುತ್ತಾನೆ. ಕೀಲಿಕೈಯಂತೂ ಹಗಲು ಜೇಬಿನಲ್ಲಿ, ರಾತ್ರಿ ದಿಂಬಿನಡಿಯಲ್ಲಿ. ಇನ್ನೇನು, ಗಾಡಿಯನ್ನು ಊಟವಾಯಿತಾ ಎಂದು ಕೇಳುವುದೊಂದು ಬಾಕಿ ಎಂದು ಹೆಂಡತಿ ಸುಧಾ ಆಡಿಕೊಳ್ಳುತ್ತಾಳೆ.

ಮಗಳು ಮಂಜುಶ್ರೀ ಕುಣಿಗಲ್ಲಿನ ಲ್ಯಾಬೊಂದರಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಗೆಳತಿಯ ಅಣ್ಣನ ಬೈಕಿನಲ್ಲಿ ಕಲಿತು ಲೈಸೆನ್ಸನ್ನೂ ಮಾಡಿಸಿದ್ದಾಳೆ. ಹೋದ ವರ್ಷ ಒಮ್ಮೆ ಅಪ್ಪನ ಗಾಡಿ ಹೊರಗೆ ತೆಗೆಯುವಾಗ ಗೇಟಿನ ಬಳಿ ಆಯ ತಪ್ಪಿ ಬೀಳಿಸಿಬಿಟ್ಟಳು. ಒಡೆದದ್ದು ಕನ್ನಡಿಯೊಂದೇ. ಆದರೆ ಅನಂತರಾಜು ಎಷ್ಟೋ ದಿನ ಅವಳ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಅವಳು ಕೀ ಕೇಳಿದಾಗಲೆಲ್ಲ ಬಸ್ಸಿದೆಯಲ್ಲ ಎನ್ನುವುದೇ ಉತ್ತರವಾಯಿತು. ಕೇಳುವುದನ್ನು ಅವಳೂ ಬಿಟ್ಟಳು.

ಈ ಸಲದ ರಗಳೆ ಶುರುವಾದದ್ದು ಗುಬ್ಬಿಯಲ್ಲಿ. ಅಲ್ಲಿನ ಮೆಕ್ಯಾನಿಕ್ ಭೀಮರಾಜ್ ಬಿಟ್ಟರೆ ಬೇರೆಯವರ ಕೈಗೆ ಅನಂತರಾಜು ಗಾಡಿ ಕೊಟ್ಟವನಲ್ಲ. ಭೀಮರಾಜ್ ಗಾಡಿ ನೋಡಿ ಚೈನ್ ಸೆಟ್ಟು ಹೋಗಿದೆ, ಮುಂದಿನ ಬ್ರೇಕ್ ಪ್ಯಾಡು ಸವೆದಿದೆ, ಎಂಜಿನ್ ಆಯಿಲ್ ಎಲ್ಲ ಸೇರಿ ಮೂರೂವರೆ ಸಾವಿರದವರೆಗೂ ಹೋಗುತ್ತದೆ ಎಂದ. ಅನಂತರಾಜುವಿಗೆ ಪಿತ್ತ ನೆತ್ತಿಗೇರಿತು. ನೀನು ಸೀಟೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬದಲಾಯಿಸುವವನು, ನನ್ನ ಗಾಡಿಗೆ ನಾನೇ ಸರ್ವೀಸ್ ಮಾಡಿಕೊಳ್ಳುತ್ತೇನೆ ಎಂದು ನಾಲ್ಕು ಜನರ ಎದುರಿಗೇ ಅಂದು, ದಡಬಡ ಗಾಡಿ ಹತ್ತಿ ಬಂದುಬಿಟ್ಟ.

ಅಂದಮೇಲೆ ಮಾಡಲೇಬೇಕಲ್ಲ. ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂತ. ಕೂತ ಎನ್ನುವುದಕ್ಕಿಂತ ಒಳಗೂ ಹೊರಗೂ ಓಡಾಡಿದ ಎನ್ನುವುದೇ ಸರಿ. ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿದ. ಸೀಮೆಎಣ್ಣೆಯಲ್ಲಿ ಚೈನು ಉಜ್ಜಿದ. ತೊಳೆದು ಬಿಸಿಲಿಗೆ ನಿಲ್ಲಿಸಿದಾಗ ಮುಂದಿನ ಚಕ್ರದ ಡಿಸ್ಕ್ ಬ್ರೇಕಿನ ತಟ್ಟೆಯ ಮೇಲೆ ತೆಳ್ಳಗೆ ಕೆಂಪು ತುಕ್ಕು ಕಂಡಿತು. ಅದನ್ನು ಕಂಡು ಸುಮ್ಮನಿರುವ ಜೀವವೇ ಅದು?

ಸಿ.ಎಸ್. ಪುರದಲ್ಲಿರುವ ತಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆಯ ಡಬ್ಬ ಆ ಮನೆಯಲ್ಲಿ ಎಂದೂ ಖಾಲಿಯಾದದ್ದಿಲ್ಲ. ತಲೆಗೆ ಅದೇ, ಮಂಡಿನೋವಿಗೆ ಅದೇ, ಕಿರ್ರೆನ್ನುವ ಬಾಗಿಲಿಗೂ ಅದೇ. ಕಾಯಿ ಕೆಡವುವ ಮಚ್ಚಿಗೆ ತುಕ್ಕು ಹಿಡಿಯದಂತೆ ಅವನ ತಾತನ ಕಾಲದಿಂದಲೂ ಹಚ್ಚುತ್ತಿರುವುದು ಅದನ್ನೇ. ಮಚ್ಚಿಗೆ ಆಗುವುದು ತಟ್ಟೆಗೇಕೆ ಆಗಬಾರದು? ಹಳೆ ಬನಿಯನ್ನಿನ ಚೂರನ್ನು ಎಣ್ಣೆಗೆ ಅದ್ದಿ, ತಟ್ಟೆಯ ಎರಡೂ ಮಗ್ಗುಲನ್ನು ಎಳೆಕೂಸಿನ ಮೈ ತಿಕ್ಕುವ ಹಾಗೆ ತಿಕ್ಕಿದ. ತಟ್ಟೆ ಫಳಫಳ ಹೊಳೆಯಿತು. ಸುಧಾಳನ್ನು ಹೊರಗೆ ಕರೆದು ತೋರಿಸಿದ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಅವಳು ನಿಂತು ಚೆನ್ನಾಗಿದೆ ಎಂದು ಹೇಳಿ ಹೋದಳು.

ಮಾರನೆಯ ಬೆಳಿಗ್ಗೆ ಮಂಜುಶ್ರೀಗೆ ಬಸ್ಸು ತಪ್ಪಿತು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಅವಳಿಗಾಗಿ ಕಾಯುವ ಹೊತ್ತು. ಸುಧಾ ಗಂಡನ ಮುಖ ನೋಡಿದಳು. ಬೇರೆ ದಿನವಾಗಿದ್ದರೆ ಅವನು ಜಪ್ಪಯ್ಯ ಅನ್ನುತ್ತಿರಲಿಲ್ಲ. ಆದರೆ ಅಂದು ತನ್ನ ಸರ್ವೀಸಿನ ಜಂಭ ಇನ್ನೂ ಇಳಿದಿರಲಿಲ್ಲ. ಸ್ಟಾರ್ಟ್ ಮಾಡಿ ಎಂಜಿನ್ನಿನ ಸದ್ದು ಕೇಳಿ, ಹೊಸ ಗಾಡಿಯ ಹಾಗಿದೆ ನೋಡು ಎನ್ನುತ್ತ ಕೀ ಅವಳ ಕೈಗೆ ಹಾಕಿದ. ಓಡಿಸಿ ನೋಡಬೇಕು ಎಂದು ಹೊಳೆಯಲೇ ಇಲ್ಲ. ಮಂಜುಶ್ರೀ ಎಲ್ಲಿ ಅಪ್ಪನ ಮನಸ್ಸು ಬದಲಾಗುತ್ತದೋ ಎಂದು ಹೆಲ್ಮೆಟ್ ಹಾಕಿಕೊಂಡವಳೇ ಹೊರಟುಹೋದಳು.

ಅನಂತರಾಜು ಬಸ್ಸು ಹಿಡಿದು ಗುಬ್ಬಿಗೆ ಹೋದ. ಅಂಗಡಿಗಳ ಆರ್ಡರು ಆಮೇಲಾಯಿತು, ಮೊದಲು ನೆಟ್ಟಗೆ ಭೀಮರಾಜನ ಶೆಡ್ಡಿಗೆ. ಆಯಿಲ್ ಬದಲಾಯಿಸಿದ್ದು, ಚೈನು ಉಜ್ಜಿದ್ದು, ಒರೆಸಿ ಹೊಳಪು ಬರಿಸಿದ್ದು ಎಲ್ಲವನ್ನೂ ನಿಂತಲ್ಲಿ ನಿಲ್ಲದೆ ಬಣ್ಣಿಸಿದ. ಭೀಮರಾಜ್ ಬೇರೆ ಯಾವುದೋ ಗಾಡಿಯ ಬೋಲ್ಟು ಬಿಚ್ಚುತ್ತ ಹೂಂಗುಟ್ಟುತ್ತಿದ್ದ. ಎಲ್ಲ ಮುಗಿದ ಮೇಲೆ ಏನು ಹಾಕಿ ಒರೆಸಿದ್ರಿ ಎಂದು ಕೇಳಿದ.

"ಮನೆ ಕೊಬ್ರಿ ಎಣ್ಣೆ ಕಣೋ. ಬ್ರೇಕಿನ್ ತಟ್ಟೆ ನೋಡ್ಬೇಕಿತ್ತು ನೀನು, ಮುಖ ಕಾಣ್ತದೆ."

ಭೀಮರಾಜ್ ಸ್ಪ್ಯಾನರ್ ಕೆಳಗಿಟ್ಟ. "ಅಣ್ಣ, ಆ ಗಾಡಿ ಈಗೆಲ್ಲೈತೆ?"

ಮಗಳು ಕುಣಿಗಲ್ಲಿಗೆ ತಗೊಂಡು ಹೋದಳು ಎಂದು ಅನಂತರಾಜು ಹೇಳಿದ. ಪ್ಯಾಡು ಆ ತಟ್ಟೆಯನ್ನು ಒತ್ತಿ ಹಿಡಿದರೆ ತಾನೇ ಚಕ್ರ ನಿಲ್ಲುವುದು, ಎಣ್ಣೆ ಬಿದ್ದರೆ ಮುಂದಿನ ಬ್ರೇಕು ಇದ್ದೂ ಇಲ್ಲದ ಹಾಗೆ ಎಂದು ಭೀಮರಾಜ್ ಬಿಡಿಸಿ ಹೇಳಿದ. ಅನಂತರಾಜು ತಕ್ಷಣ ಮಗಳಿಗೆ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ ಮಾಡಿದ. ಬಸ್ ಸ್ಟ್ಯಾಂಡಿನ ಕಡೆ ಓಡಲು ಹೋಗಿ ಅರ್ಧಕ್ಕೆ ವಾಪಸ್ಸು ಬಂದ. ಏನು ಮಾಡುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ.

ಭೀಮರಾಜ್ ಹಿಂದಿನ ಜಗಳದ ಮಾತೇ ಎತ್ತಲಿಲ್ಲ. ಒಂದು ಜೊತೆ ಹೊಸ ಪ್ಯಾಡನ್ನು ಜೇಬಿಗೆ ಹಾಕಿಕೊಂಡು, ಶೆಡ್ಡಿನ ಬಾಗಿಲೆಳೆದು, ತನ್ನ ಬೈಕಿನ ಹಿಂದೆ ಅವನನ್ನು ಕೂರಿಸಿಕೊಂಡ. ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದರು. ದಾರಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತ ಕಡೆಯೆಲ್ಲ ಅನಂತರಾಜು ಕತ್ತು ಚಾಚಿ ನೋಡುತ್ತಿದ್ದ. ಹೆಬ್ಬೂರಿನ ಹತ್ತಿರ ರಸ್ತೆಯಂಚಿನಲ್ಲಿ ದೊಡ್ಡ ಗುಂಪೇ ಕಂಡಿತು. ಗಾಡಿ ನಿಲ್ಲುವ ಮೊದಲೇ ಧುಮುಕಿ ಜನರನ್ನು ಸೀಳಿಕೊಂಡು ಒಳನುಗ್ಗಿದ. ಯಾರೋ ಟೆಂಪೋದಲ್ಲಿ ಹಲಸಿನಹಣ್ಣು ತಂದು ಚೌಕಾಸಿ ನಡೆಸಿದ್ದರು. ಹಣ್ಣಿನವನು ಇವನ ಮುಖ ನೋಡಿ ನೀರು ಬೇಕಾ ಎಂದು ಕೇಳಿದ. ಅವನು ಆಗಲೇ ಭೀಮರಾಜನ ಬೈಕಿನ ಕಡೆ ತಿರುಗಿದ್ದ.

ಲ್ಯಾಬಿನ ಮುಂದೆ ಗಾಡಿ ನಿಂತಿತ್ತು. ಮುಂದಿನ ಮಡ್‌ಗಾರ್ಡು ಒಂದು ಕಡೆಗೆ ಸೊಟ್ಟಗಾಗಿತ್ತು. ಅನಂತರಾಜು ಬಾಗಿಲಲ್ಲಿ ಇಣುಕಿದ. ಮಂಜುಶ್ರೀ ಯಾರೋ ಅಜ್ಜಿಯ ತೋಳಿಗೆ ರಬ್ಬರು ಬಿಗಿದು ರಕ್ತ ತೆಗೆಯುತ್ತಿದ್ದಳು. ಅವಳ ಅಂಗೈಗೆ ಬ್ಯಾಂಡೇಜಿತ್ತು. ಅವಳು ಹೊರಗೆ ಬರುವವರೆಗೂ ಅವನು ಲ್ಯಾಬಿನ ಜಗಲಿಯ ಮೇಲೆ ಆಚೆಗೂ ಈಚೆಗೂ ಶತಪಥ ಹಾಕಿದ.

ಹೊರಗೆ ಬಂದವಳು ನಡೆದದ್ದು ಹೇಳಿದಳು. ಮರಳೂರು ಕೆರೆ ಹತ್ತಿರದ ರಸ್ತೆ ಹಂಪಿನಲ್ಲೇ ಅವಳಿಗೆ ಗೊತ್ತಾಯಿತಂತೆ. ಮುಂದಿನ ಬ್ರೇಕು ಹಿಡಿದರೆ ಜಾರುತ್ತಿದೆ. ಹಿಂದಿನದನ್ನು ಒತ್ತುವಷ್ಟರಲ್ಲಿ ಮುಂದಿದ್ದ ಆಟೋಗೆ ಚಕ್ರ ತಾಗಿ, ಅವಳು ಪಕ್ಕಕ್ಕೆ ಬಿದ್ದು ಕೈ ತರಚಿತು. ಬಗ್ಗಿ ನೋಡಿದರೆ ತಟ್ಟೆಯಿಂದ ಕೊಬ್ಬರಿ ಎಣ್ಣೆಯ ವಾಸನೆ. ಆಮೇಲೆ ಹಿಂದಿನ ಬ್ರೇಕೊಂದನ್ನೇ ನಂಬಿಕೊಂಡು, ಲಾರಿಗಳಿಗೆಲ್ಲ ದಾರಿ ಬಿಟ್ಟುಕೊಂಡು, ನಿಧಾನವಾಗಿ ಬಂದಿದ್ದಳು. ಬಂದವಳೇ ಕೆಲಸಕ್ಕೆ ಕೂತದ್ದರಿಂದ ಫೋನು ನೋಡಿರಲಿಲ್ಲ.

ಮಗಳು ನೆಟ್ಟಗೆ ಎದುರಿಗೆ ನಿಂತಿದ್ದನ್ನು ಕಂಡದ್ದೇ ಅನಂತರಾಜುವಿಗೆ ಎಲ್ಲಿತ್ತೋ ಕೋಪ ಉಕ್ಕಿ ಬಂತು. ಅಲ್ಲೇ ನಿಲ್ಲಿಸಿ ಒಂದು ಫೋನು ಮಾಡಲು ಏನಾಗಿತ್ತು, ಇಷ್ಟು ದೂರ ಬ್ರೇಕಿಲ್ಲದ ಗಾಡಿಯಲ್ಲಿ ಬರುವುದೆಂದರೇನು ಎಂದು ಜನ ತಿರುಗಿ ನೋಡುವ ಹಾಗೆ ರೇಗಿದ. ಮಂಜುಶ್ರೀ ಅಂಗೈಯ ಬ್ಯಾಂಡೇಜು ಸರಿಮಾಡಿಕೊಂಡಳು.

"ಫೋನ್ ಮಾಡಿದ್ರೆ ನೀನು ಬಂದು ಗಾಡಿ ತಗೊಂಡ್ ಹೋಗ್ತಿದ್ದೆ. ಆಮೇಲೆ ಯಾವತ್ತು ಕೀ ಕೊಡ್ತಿದ್ದೆ ಹೇಳಪ್ಪ?"

ಎಣ್ಣೆ ಹಚ್ಚಿದ ತಪ್ಪಿಗೆ ಅನಂತರಾಜು ದಾರಿಯುದ್ದಕ್ಕೂ ತನ್ನನ್ನು ತಾನು ಬೈದುಕೊಂಡೇ ಬಂದಿದ್ದ. ಇದು ಅದಕ್ಕಿಂತ ಆಳಕ್ಕೆ ಚುಚ್ಚಿತು. ಮಗಳು ಬ್ರೇಕಿಲ್ಲದ ಗಾಡಿಗಿಂತ ಅಪ್ಪನಿಗೆ ಹೆಚ್ಚು ಹೆದರಿದ್ದಳು. ಅವನು ರಸ್ತೆಯ ಕಡೆ ಮುಖ ತಿರುಗಿಸಿದ.

ಅಷ್ಟರಲ್ಲಿ ಭೀಮರಾಜ್ ಹಳೆಯ ಪ್ಯಾಡು ಕಿತ್ತು, ತಟ್ಟೆಯನ್ನು ಪೆಟ್ರೋಲಿನಲ್ಲಿ ಉಜ್ಜಿ, ಹೊಸ ಪ್ಯಾಡು ಹಾಕಿ ಮುಗಿಸಿದ್ದ. ಒಂದು ಸುತ್ತು ಓಡಿಸಿ ನೋಡಿ ಎಂದ. ಮಂಜುಶ್ರೀ ಲ್ಯಾಬಿನ ಕೋಟಿನ ಜೇಬಿನಿಂದ ಕೀ ತೆಗೆದು ಅಪ್ಪನ ಮುಂದೆ ಹಿಡಿದಳು. ಅಭ್ಯಾಸಬಲದಿಂದ ಅವನ ಕೈಯೂ ಮುಂದೆ ಬಂತು. ಬಂದದ್ದನ್ನು ಹಿಂದಕ್ಕೆಳೆದುಕೊಳ್ಳಲು ಅವನಿಗೆ ಸುಲಭವಾಗಲಿಲ್ಲ, ಆದರೂ ಎಳೆದುಕೊಂಡ.

"ನೀನೇ ಹೊಡ್ದು ನೋಡವ್ವ," ಎಂದ. "ಏನಾದ್ರೂ ಆದ್ರೆ ಮೊದ್ಲು ನಂಗೆ ಫೋನ್ ಮಾಡು. ಕೀ ಕಿತ್ಕಳಲ್ಲ."

ಮಂಜುಶ್ರೀ ತಕ್ಷಣ ನಂಬಲಿಲ್ಲ. ಅವನ ಮುಖವನ್ನೇ ನೋಡುತ್ತ ಇನ್ನೊಂದಿಷ್ಟು ಹೊತ್ತು ಕೀಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.