ಅಕ್ಕ ಚರಗ ಚೆಲ್ಲಿದ ಅಮಾಸಿ

ಬಾದಾಮಿಯಲ್ಲಿ ಪ್ರವಾಸಿಗರಿಗಾಗಿ ವಸತಿಗೃಹ ನಡೆಸುವ ನನ್ನ ಕಾಕಾನ ಮಗ ಒಂದು ಮುಂಜಾನೆ ಫೋನ್ ಮಾಡಿದ. "ಅಣ್ಣಾ, ಈ ಸಲ ಎಳ್ಳಮಾಸಿಗೆ ನಮ್ಮ ಗೆಸ್ಟ್ ಹನ್ನೆರಡು ಮಂದಿ ನಿಮ್ಮ ಹೊಲಕ್ಕ ಬರ್ತಾರ. ನೀವೇನೂ ಬ್ಯಾರೆ ಮಾಡೂದು ಬ್ಯಾಡ. ವರ್ಷಾ ಮಾಡೂ ಹಂಗ ಮಾಡ್ರಿ, ಅವರು ನೋಡ್ತಾರ, ಉಣ್ತಾರ, ಹೋಗ್ತಾರ."

ನಾನು ಹುನಗುಂದದ ಹೈಸ್ಕೂಲಿನಲ್ಲಿ ಮಾಸ್ತರ. ಹೊಲ ಊರಿಗೆ ಮೂರು ಮೈಲಿ, ಕಪ್ಪು ಎರಿ ಭೂಮಿ. ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರೂ ಎಳ್ಳಮಾಸಿ ದಿನ ಮಾತ್ರ ಅದು ನಮ್ಮದೇ. ಸಜ್ಜಿರೊಟ್ಟಿ, ಎಣ್ಣಿಗಾಯಿ, ಕಡಬು, ಹುಂಡಿಪಲ್ಯ, ಶೇಂಗಾ ಹೋಳಗಿ ಕಟ್ಟಿಕೊಂಡು ಹೋಗುತ್ತೇವೆ. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಒಂದಿಷ್ಟು ಕಲಸಿ ಬೆಳೆಯೊಳಗೆ ಚೆಲ್ಲುತ್ತೇವೆ. ಅದೇ ಚರಗ. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು ಎಂದು ಅವ್ವ ಹೇಳುತ್ತಿದ್ದಳು. ಅಪ್ಪ ಇರುವವರೆಗೆ ಅಪ್ಪ ಚೆಲ್ಲಿದ, ಆಮೇಲೆ ನಾನು. ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರಬೇಕು.

ಫೋನಿನಲ್ಲಿ ತಮ್ಮನಿಗೆ ಆಗಲಿ ಅಂದೆ. ಯಾಕೆ ಅಂದೆ ಎಂದು ಹೆಂಡತಿ ಕೇಳಿದಳು. "ಮನಿ ಹಬ್ಬಕ್ಕ ಟಿಕೆಟ್ ಹಚ್ಚಿದಂಗಾತು," ಅಂದಳು. ಹಾಗೆ ಅಂದವಳೇ ಹನ್ನೆರಡು ಮಂದಿಗೆ ಎಷ್ಟು ಕಡಬು ಬೇಕಾಗುತ್ತವೆ ಎಂದು ಯೋಚಿಸತೊಡಗಿದಳು.

ಅಮಾಸಿಯ ಹಿಂದಿನ ದಿನ ಇಳಕಲ್ಲಿನಿಂದ ಅಕ್ಕ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಮನೆಯಲ್ಲಿ ಇವತ್ತಿಗೂ ಒಂದು ಕೈಮಗ್ಗ ಇದೆ. ಗಂಡ ತೀರಿಕೊಂಡ ಮೇಲೂ ಅದು ನಿಂತಿಲ್ಲ, ಅಕ್ಕನೇ ಕೂತು ನೇಯುತ್ತಾಳೆ. ಮಾತು ಕಡಿಮೆ. ಮನೆಯಲ್ಲಿ ನೂರು ಜನರಿದ್ದರೂ ಅವಳ ದನಿ ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಮರುದಿನ ಬಾಗಿಲಿಗೆ ಚಕ್ಕಡಿ ಬಂತು! ತಮ್ಮ ಎಲ್ಲಿಂದಲೋ ಗೊತ್ತುಮಾಡಿ ಕಳಿಸಿದ್ದ. ಎತ್ತಿನ ಕೊರಳಿಗೆ ಗೆಜ್ಜೆ, ಗಾಡಿಯ ಮೇಲೆ ಕೊಲ್ಲಾರಿಯ ಕಮಾನು ಹೊದಿಕೆ. ಹದಿನೈದು ವರ್ಷದಿಂದ ನಾವು ಬಾಡಿಗೆ ಟೆಂಪೋದಲ್ಲೇ ಹೋಗುತ್ತಿದ್ದೆವು. ನನ್ನ ಮಗಳು ಹುಟ್ಟಿದ ಮೇಲೆ ಮೊದಲ ಸಲ ಚಕ್ಕಡಿ ಹತ್ತಿದಳು. ತಮ್ಮನ ಅಪ್ಪ, ಕಾಕಾ ಕೂಡ ತಲೆಗೆ ಪಟಗಾ ಸುತ್ತಿಕೊಂಡು ಮುಂದೆ ಕೂತ. ಹಬ್ಬ ಮಾರಾಟವಾಯಿತು ಎಂದು ಒಳಗೊಳಗೇ ಕುದಿಯುತ್ತಿದ್ದ ನಾನು ಗೆಜ್ಜೆ ಸಪ್ಪಳ ಕೇಳುತ್ತ ಸುಮ್ಮನಾದೆ. ಮಾರಿದವರು ಯಾರು, ತಿರುಗಿ ತಂದುಕೊಟ್ಟವರು ಯಾರು, ನನಗೆ ತಿಳಿಯಲೊಲ್ಲದು.

ಹೊಲದಲ್ಲಿ ಗೆಸ್ಟುಗಳು ಆಗಲೇ ಬಂದಿದ್ದರು. ಒಳ್ಳೆಯ ಜನ. ಚಪ್ಪಲಿ ಕಳೆದು ನಿಂತಿದ್ದರು, ಹಸಿ ಕಡಲೆಗಿಡ ಕಿತ್ತು ತಿನ್ನುತ್ತಿದ್ದರು. ತಮ್ಮನ ಜೊತೆ ಕ್ಯಾಮೆರಾ ಹಿಡಿದವನೊಬ್ಬ ಬೆಂಗಳೂರು ಕಡೆಯಿಂದ ಬಂದಿದ್ದ. ತಮ್ಮ ಒಂದು ಚೀಲ ಬಿಚ್ಚಿ ಅಕ್ಕನ ಕೈಗೆ ಹೊಸ ಸೀರೆ ಕೊಟ್ಟ. "ಅಕ್ಕಾ, ಇದು ಇಳಕಲ್ಲ ಸೀರಿ. ಬಣ್ಣ ಫೋಟೋದಾಗ ಎದ್ದು ಕಾಣತೈತಿ, ಉಟ್ಕೋ."

ಅಕ್ಕ ಸೆರಗು ಬಿಚ್ಚಿ, ಬೆರಳಿಂದ ತಿಕ್ಕಿ ನೋಡಿದಳು. "ಇದರಾಗ ಕೊಂಡಿ ಎಲ್ಲೈತೋ? ಸೆರಗು ಬ್ಯಾರೆ ನೇಯ್ದು ಕೊಂಡಿ ಹಾಕಿ ಕೂಡಸ್ತೇವಿ ನಾವು. ಇದು ಅಚ್ಚ ಒತ್ತಿದ್ದು," ಅಂದಳು. ಆದರೂ ನಕ್ಕು, ಉಟ್ಟ ಸೀರೆಯ ಮೇಲೆಯೇ ಅದನ್ನು ಸುತ್ತಿಕೊಂಡಳು.

ಪೂಜೆ ಆಯಿತು. ನಾನು ವರ್ಷದಂತೆ ಚರಗದ ಬುಟ್ಟಿ ಎತ್ತಿಕೊಂಡೆ. ಆಗ ಕ್ಯಾಮೆರಾದವನು, "ಸರ್, ನೀವು ಬೇಡ. ಅಮ್ಮ ಎಸೆಯಲಿ, ಫ್ರೇಮ್ ತುಂಬಾ ಚೆನ್ನಾಗಿ ಬರುತ್ತೆ," ಅಂದ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಚರಗ ಚೆಲ್ಲಿದ್ದಿಲ್ಲ. ಬೇರೆಯವರ ಹೊಲದಲ್ಲಿ ಚೆಲ್ಲುತ್ತಾರೆ, ನಮ್ಮಲ್ಲಿ ಇಲ್ಲ. ಚಾಪೆಯ ಮೇಲೆ ಕೂತಿದ್ದ ಕಾಕಾನ ಕಡೆ ನೋಡಿದೆ. ಕಾಕಾ ಮಗನ ಕಡೆ ನೋಡಿದ, ಮಗ ಗೆಸ್ಟುಗಳ ಕಡೆ ನೋಡಿದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಬುಟ್ಟಿ ಅವಳ ಕೈಗೆ ಕೊಟ್ಟೆ.

ಮೊದಲ ಹಿಡಿಯನ್ನು ಅವಳು ಹಕ್ಕಿಗೆ ಕಾಳು ಹಾಕಿದಂತೆ ಮೆಲ್ಲಗೆ ಚೆಲ್ಲಿದಳು. "ಕೂಗಬೇಕಮ್ಮಾ, ಕೂಗಿದ್ರೆ ಮುಖದಲ್ಲಿ ಕಳೆ ಬರುತ್ತೆ," ಅಂದ ಅವನು. ಅಕ್ಕ ಉಸಿರು ತುಂಬಿಕೊಂಡು, "ಹುಲ್ಲುಲ್ಲಿಗೋ... ಸಲಾಂಬ್ರಿಗೋ..." ಎಂದು ಚರಗದ ಕೂಗು ಕೂಗಿದಳು. ಜೋಳದೊಳಗಿಂದ ಹಕ್ಕಿಗಳು ಭರ್ರನೆ ಎದ್ದವು. ಅಷ್ಟು ದೊಡ್ಡ ದನಿ ಅವಳೊಳಗೆ ಇತ್ತೆಂದು ಐವತ್ತು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ನಾಲ್ಕು ಫೋಟೋ ತೆಗೆದು ಅವನು, "ಸಾಕಮ್ಮಾ, ಸೂಪರ್," ಅಂದ. ಅಕ್ಕ ನಿಲ್ಲಲಿಲ್ಲ. ಜೋಳದ ಸಾಲಿನೊಳಗೆ ಇಳಿದು, ಕೂಗುತ್ತ, ಚೆಲ್ಲುತ್ತ, ಕ್ಯಾಮೆರಾಕ್ಕೆ ಸಿಗದಷ್ಟು ದೂರ ಹೋದಳು. ತಂಬಿಗೆ ಹಿಡಿದುಕೊಂಡು ನಾನು ಹಿಂದೆ ಓಡಿದೆ. ನಾಲ್ಕೂ ಬದು ಸುತ್ತಿ ತಿರುಗಿ ಬಂದಾಗ ಆ ಅಚ್ಚಿನ ಸೀರೆ ಮೊಳಕಾಲತನಕ ಮಣ್ಣಾಗಿತ್ತು. ಗೆಸ್ಟುಗಳು ಚಪ್ಪಾಳೆ ತಟ್ಟಿದರು. ಅಕ್ಕ ನಾಚಿ, ಮಾರಿ ತಿರುಗಿಸಿಕೊಂಡು ರೊಟ್ಟಿ ಬಡಿಸಲು ಕೂತಳು.

ನನಗೆ ಸಿಟ್ಟು ಬಂದಿತ್ತೋ, ಅಳು ಬಂದಿತ್ತೋ. ನನ್ನ ಕೆಲಸ ಹೋಯಿತೆಂದು ಬೇಸರವಂತೂ ಇತ್ತು. ಎಲ್ಲರೂ ಉಂಡು ಅಡ್ಡಾದ ಮೇಲೆ ಹೆಂಡತಿಯನ್ನು ಕೇಳಿದೆ, "ಇದು ಚರಗ ಆತಂತೀಯೇನು? ಫೋಟೋಕ್ಕ ಚೆಲ್ಲಿದ್ದಲ್ಲ?"

"ಚೆಲ್ಲಿದ್ದು ನೆಲಕ್ಕಽ ಬಿತ್ತಲ್ಲ," ಅಂದು ಅವಳು ಮಗ್ಗಲು ಬದಲಿಸಿದಳು.

ಸಮಾಧಾನವಾಗಲಿಲ್ಲ. ಚರಗ ಕಲಸಿದ ಬೋಗುಣಿಯ ತಳದಲ್ಲಿ ಉಳಿದಿದ್ದನ್ನು ಒಂದು ಹಿಡಿ ತೆಗೆದುಕೊಂಡು ಯಾರೂ ನೋಡದಂತೆ ಕಡಲೆಯೊಳಗೆ ಹೋಗಿ, ಪಿಸುದನಿಯಲ್ಲಿ ಕೂಗಿ ಚೆಲ್ಲಿ ಬಂದೆ. ನನ್ನ ಹೊಲದಲ್ಲಿ ನಾನೇ ಕಳ್ಳನಾದ ಹಾಗೆ ಅನಿಸಿತು.

ಕೆಲವು ತಿಂಗಳ ನಂತರ ಅಕ್ಕ ಒಂದು ಮದುವೆಗೆಂದು ಬಾದಾಮಿಗೆ ಹೋಗಿದ್ದಳು. ಅಲ್ಲಿಂದಲೇ ಫೋನ್ ಮಾಡಿದಳು. "ಇವನ ಲಾಡ್ಜಿನ ಮುಂದ ನನ್ನ ಫೋಟೋ ಆಳೆತ್ತರ ಹಾಕ್ಯಾನೋ. ಬಾಯಿ ತೆರಕೊಂಡು ನಿಂತೇನಿ."

"ತಗಸಂತ ಹೇಳ್ಲೇನು? ಬ್ಯಾಸರಾತೇನು?"

"ಬಾಯಿ ತೆರದದ್ದು ಚಲೋ ಬಂದೈತಿ. ಸೀರಿ ಅಷ್ಟಽ ಸುಳ್ಳು," ಅಂದಳು.

ಮರುವರ್ಷ ಗೆಸ್ಟುಗಳು ಬರಲಿಲ್ಲ. ಬಿಸಿಲು, ಧೂಳು, ದೂರ ಎಂದು ತಮ್ಮ ತನ್ನ ಲಾಡ್ಜಿನ ಹಿಂದಿನ ಹುಲ್ಲುಹಾಸಿನ ಮೇಲೆಯೇ ಎಳ್ಳಮಾಸಿ ಇಟ್ಟುಕೊಂಡಿದ್ದ. ಕುಂಡದಲ್ಲಿ ಜೋಳ ಬೆಳೆಸಿದ್ದನಂತೆ. ಅಕ್ಕನನ್ನೂ ಕರೆದಿದ್ದ. "ಅಲ್ಲಿ ಹೊಲ ಎಲ್ಲೈತಿ?" ಎಂದು ಕೇಳಿ ಅವಳು ನಮ್ಮಲ್ಲಿಗೇ ಬಂದಳು, ತಾನೇ ನೇಯ್ದ ಸೀರೆ ಉಟ್ಟುಕೊಂಡು.

ನಾವು ಮತ್ತೆ ಟೆಂಪೋದಲ್ಲಿ ಹೋದೆವು. ಹೆಂಡತಿ ಕಡಬು ಮಾತ್ರ ಮನೆಯಲ್ಲಿ ಮಾಡಿದ್ದಳು. ರೊಟ್ಟಿ, ಹೋಳಗಿ ಪೇಟೆಯ ಖಾನಾವಳಿಯಿಂದ ಬಂದಿದ್ದವು. ತಮ್ಮನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಪೂಜೆ ಮುಗಿದದ್ದೇ ಅಕ್ಕ ಯಾರನ್ನೂ ಕೇಳದೆ ಬುಟ್ಟಿ ಎತ್ತಿಕೊಂಡಳು. ಕಾಕಾ ಕೋಲೂರಿ ಎದ್ದು ನಿಂತ. "ಏ ತಂಗಿ, ಅದನ್ನ ಮಾಸ್ತರಗ ಕೊಡು. ಹೋದ ವರ್ಷದ್ದು ಮಂದೀಗೆ ತೋರಸಾಕ ಮಾಡಿದ್ದು. ಇದು ಖರೇದು."

"ಹಂಗಾದ್ರ ಹೋದ ವರ್ಷ ನಾ ಚೆಲ್ಲಿದ್ದು ಭೂಮಿತಾಯಿಗೆ ಮುಟ್ಟಿಲ್ಲೇನ್ರಿ ಕಾಕಾ? ಬೆಳಿ ಬಂತಲ್ಲ?"

ಕಾಕಾ ನನ್ನ ಕಡೆ ತಿರುಗಿದ. "ಮಾಸ್ತರ, ನೀ ಹೇಳು."

ಸಾಲಿಯಲ್ಲಿ ಮಕ್ಕಳ ಪ್ರಶ್ನೆಗೆ ಏನಾದರೂ ಹೇಳಿ ದಾಟಿಬಿಡುತ್ತೇನೆ. ಅವತ್ತು ದಾಟಲಾಗಲಿಲ್ಲ. ಕಾಕಾ ಅಂದದ್ದು ಅಪ್ಪನ ಮಾತು, ತಪ್ಪು ಅನ್ನಲಾರೆ. ಅಕ್ಕನ ಮಾತೂ ಸುಳ್ಳಲ್ಲ. ಅವಳಿಗೆ ಬುಟ್ಟಿ ಕೊಟ್ಟದ್ದು ನಾನೇ, ಅದೂ ಪರರ ಫೋಟೋಕ್ಕಾಗಿ. ಮನೆಯವರಾಗಿ ನಾವೇ ಯಾಕೆ ಒಮ್ಮೆಯೂ ಕೊಡಲಿಲ್ಲ? ತಂಬಿಗೆ ತುಂಬಿಕೊಂಡು ಅಕ್ಕನ ಹಿಂದೆ ನಡೆದೆ.

ಕಾಕಾ ಅವತ್ತು ನಮ್ಮ ಜೊತೆ ಉಣ್ಣಲಿಲ್ಲ. ಟೆಂಪೋದೊಳಗೆ ಒಬ್ಬನೇ ಕೂತ. ನನ್ನ ಮಗಳು ತಾಟು ಒಯ್ದು ಕೊಟ್ಟಳು, ಕಡಬು ಅಷ್ಟೇ ತಿಂದು ತಿರುಗಿ ಕಳಿಸಿದ. ಅಂದಿನಿಂದ ಎಳ್ಳಮಾಸಿಗೆ ಹೊಲಕ್ಕೆ ಬರುವುದನ್ನು ಬಿಟ್ಟಿದ್ದಾನೆ. ಮನೆಗೆ ಬುತ್ತಿ ಕಳಿಸಿದರೆ ಉಣ್ಣುತ್ತಾನೆ, ಈ ಸಲ ಬೆಳೆ ಹೆಂಗೈತಿ ಎಂದೂ ಕೇಳುತ್ತಾನೆ. ಚರಗ ಯಾರು ಚೆಲ್ಲಿದರು ಎಂದು ಮಾತ್ರ ಕೇಳುವುದಿಲ್ಲ.

ಹೋದ ಸಲ ಪಾತ್ರೆ ತಿಕ್ಕುತ್ತ ಕೂತಿದ್ದಾಗ ಅಕ್ಕನನ್ನು ಕೇಳಿಯೇಬಿಟ್ಟೆ. "ಖರೆ ಹೇಳಕ್ಕಾ, ಮೊದಲನೇ ಸಲ ಆ ಕ್ಯಾಮೆರಾದಾಂವ ಕೂಗು ಅಂದದ್ದಕ್ಕ ಕೂಗಿದ್ಯೋ, ನಿನಗಽ ಕೂಗಬೇಕನಸ್ತೋ?"

ಅವಳು ಬೂದಿ ಹಚ್ಚಿದ ಕೈ ನನ್ನ ಮುಂದೆ ಚಾಚಿದಳು.

"ನನಗೂ ತಿಳಿವಲ್ದೋ," ಅಂದಳು. "ಎಲ್ಡೂ ಇರಬಹುದು. ನೀರು ಹಾಕು."